ನಿಮಗಿದು ಗೊತ್ತೇ? ತಾರೀಖಿಲ್ಲದ ಹತ್ತು ದಿನ

ಪತ್ರಿಕೆಯ ಮೂಲೆಯಲ್ಲಿ ‘ಕಾಣೆಯಾಗಿದ್ದಾರೆ’ ಅಂತ ಪುಟ್ಟ ಪ್ರಕಟಣೆ ಬರುತ್ತದೆ. ಎತ್ತರ ಇಷ್ಟು, ಗೋಧಿ ಮೈಬಣ್ಣ, ಕೋಲು ಮುಖ, ತೊಟ್ಟಿದ್ದು ನೀಲಿ ಅಂಗಿ, ಮಾತಾಡುವುದು ಕನ್ನಡ. ಸುಳಿವು ಸಿಕ್ಕವರು ಹತ್ತಿರದ ಠಾಣೆಗೆ ತಿಳಿಸಿ. ಸರಿ, ಕರೆದೊಯ್ದವರೇ ಠಾಣೆಯವರಾದರೆ ತಿಳಿಸುವುದು ಯಾರಿಗೆ? ಕಡೂರು, ತರೀಕೆರೆ, ಅಜ್ಜಂಪುರದ ರೈಲು ಹಳಿಯಿಂದ ಹೊರಟು ದಕ್ಷಿಣ ಅಮೆರಿಕದ ಕಬ್ಬಿನ ಗದ್ದೆಯವರೆಗೆ ಒಂದು ಸುತ್ತು ಹಾಕಿ ಬರೋಣ.

1. ಬೀರೂರಿನ ಕವಲು
ಬೆಂಗಳೂರಿನಿಂದ ಬರುವ ಹಳಿ ಕಡೂರು ದಾಟಿ ಬೀರೂರಿನಲ್ಲಿ ಎರಡಾಗುತ್ತದೆ. ಒಂದು ತರೀಕೆರೆಯ ಮೇಲೆ ಶಿವಮೊಗ್ಗ, ಸಾಗರದ ಕಡೆಗೆ. ಇನ್ನೊಂದು ಅಜ್ಜಂಪುರ, ಚಿಕ್ಕಜಾಜೂರಿನ ಮೇಲೆ ದಾವಣಗೆರೆಯ ಕಡೆಗೆ. ಈ ಎರಡು ಹಳಿ ಮುಟ್ಟುವ ಎರಡು ಊರುಗಳಲ್ಲಿ ಎರಡು ಬಂಧನಗಳ ಕತೆಯಿದೆ. ಒಂದು ಊರಿಗೆಲ್ಲ ಗೊತ್ತಾಗಿ ಆದದ್ದು, ಇನ್ನೊಂದು ಕಾಗದಕ್ಕೂ ಗೊತ್ತಾಗದಂತೆ ಆದದ್ದು.

2. ಸಾಗರದಲ್ಲಿ ಸಿಕ್ಕವರು
1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ತಿರುಗಿಬಿದ್ದರು. ಜಗಳ ಶುರುವಾದದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಎಚ್. ಗಣಪತಿಯಪ್ಪನವರ ರೈತ ಸಂಘ, ಶಾಂತವೇರಿ ಗೋಪಾಲಗೌಡರ ಸಮಾಜವಾದಿ ಪಕ್ಷ ಜೊತೆಗೆ ನಿಂತವು. ಬೆಂಬಲಕ್ಕೆ ಬಂದ ರಾಮಮನೋಹರ ಲೋಹಿಯಾ ಅವರನ್ನು ಜೂನ್‌ನಲ್ಲಿ ಸಾಗರ ರೈಲು ನಿಲ್ದಾಣದಲ್ಲಿ ಬಂಧಿಸಿದರು. ಸತ್ಯಾಗ್ರಹಿಗಳು ದಿನಕ್ಕಿಷ್ಟು ಮಂದಿಯಂತೆ ಗದ್ದೆಗಿಳಿದು, ಹೆಸರು ಬರೆಸಿ ಜೈಲಿಗೆ ಹೋದರು. ಸತ್ಯಾಗ್ರಹದ ಬಲವೇ ಅದು: ಹಿಡಿದವರು ‘ಹಿಡಿದಿದ್ದೇವೆ’ ಅಂತ ಒಪ್ಪಬೇಕು.

3. ರೈಲು ನಿಂತ ಮೇ ತಿಂಗಳು
1974ರ ಮೇ 8ರಿಂದ ಇಪ್ಪತ್ತು ದಿನ ದೇಶದ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದರು. ಭಾಗವಹಿಸಿದವರು ಸುಮಾರು 17 ಲಕ್ಷ. ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಎಂಟು ಗಂಟೆ ಕೆಲಸ, ತುಟ್ಟಿಭತ್ಯೆ, ಬೋನಸ್ಸು ಬೇಡಿಕೆಗಳು. ಗ್ಯಾಂಗ್‌ಮನ್ ಅಂದರೆ ಹಳಿ ಪಕ್ಕದ ಹಳ್ಳಿಯವನೇ. ಹಾಗಾಗಿ ಈ ಮುಷ್ಕರದ ಬಿಸಿ ಮುಟ್ಟಿದ್ದು ಪೇಟೆಗಷ್ಟೇ ಅಲ್ಲ. ನೌಕರಿ ಹೋಯಿತು, ಕ್ವಾರ್ಟರ್ಸ್‌ನಿಂದ ಪಾತ್ರೆಪಗಡ ಬೀದಿಗೆ ಬಿತ್ತು.

4. ಸೇನೆ ಬರಲಿಲ್ಲ, ಆದರೂ...
ನಮ್ಮ ದೇಶ ಸೇನಾಡಳಿತ ಕಂಡಿಲ್ಲ. ಕಂಡದ್ದು 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗಿನ ತುರ್ತು ಪರಿಸ್ಥಿತಿ. ಶಾ ಆಯೋಗದ ಲೆಕ್ಕದಲ್ಲಿ ‘ಮೀಸಾ’ ಕಾಯ್ದೆಯಡಿ ಒಳಗೆ ಹೋದವರು 34,988 ಮಂದಿ, ಭಾರತ ರಕ್ಷಣಾ ನಿಯಮಗಳಡಿ 75,818 ಮಂದಿ. ಇವರು ಲೆಕ್ಕಕ್ಕೆ ಸಿಕ್ಕವರು.

5. ಬೆಂಗಳೂರು ಜೈಲಿನ ಭಾವಿ ರೈಲ್ವೆ ಮಂತ್ರಿ
ತುರ್ತು ಪರಿಸ್ಥಿತಿ ಬಂದ ದಿನ ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲೇ ಬಂಧನಕ್ಕೊಳಗಾದರು. 1977ರಲ್ಲಿ ದಂಡವತೆ ರೈಲ್ವೆ ಮಂತ್ರಿಯಾದರು. ಮುಷ್ಕರದಲ್ಲಿ ಕೆಲಸ ಕಳಕೊಂಡವರು ಮತ್ತೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ್ದು ಅವರ ಕಾಲದಲ್ಲಿ. ಆ ಜೈಲು ಈಗ ಫ್ರೀಡಂ ಪಾರ್ಕ್.

6. ವರ್ಗವಾದ ಇಬ್ಬರು
ಈ ಬಂದಿಗಳ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ‘ಹಿಡಿದವರನ್ನು ಕೋರ್ಟಿನ ಮುಂದೆ ತನ್ನಿ’ ಅನ್ನುವ ಅರ್ಜಿ, ವಿಚಾರಣೆಗೆ ಯೋಗ್ಯ ಅಂದದ್ದು ಕರ್ನಾಟಕ ಹೈಕೋರ್ಟು. ಪೀಠದಲ್ಲಿದ್ದ ನ್ಯಾಯಮೂರ್ತಿಗಳು ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ. 1976ರಲ್ಲಿ ಒಬ್ಬರಿಗೆ ಅಲಹಾಬಾದಿಗೂ ಇನ್ನೊಬ್ಬರಿಗೆ ಗುವಾಹಟಿಗೂ ವರ್ಗವಾಯಿತು.

7. ಏಪ್ರಿಲ್ 28
1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು 4–1ರ ಬಹುಮತದಲ್ಲಿ ಹೇಳಿತು: ತುರ್ತು ಪರಿಸ್ಥಿತಿಯಲ್ಲಿ ‘ನಮ್ಮವನನ್ನು ಹಿಡಿದದ್ದು ಸರಿಯೇ, ಹಾಜರುಪಡಿಸಿ’ ಅಂತ ಕೋರ್ಟಿನ ಬಾಗಿಲು ತಟ್ಟುವಂತಿಲ್ಲ. ಒಪ್ಪದೆ ಉಳಿದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ.

8. ಮೂರನೇ ದಿನಕ್ಕೆ
ತೀರ್ಪು ಬಂದ ಮೂರನೇ ದಿನ ಮೇ 1, ಕಾರ್ಮಿಕರ ದಿನ. ಅಂದು ಬೆಂಗಳೂರಿನ ಮನೆಯಿಂದ ಲಾರೆನ್ಸ್ ಫರ್ನಾಂಡಿಸ್ ಅವರನ್ನು ಪೊಲೀಸರು ಕರೆದೊಯ್ದರು. ಅವರು ಮಾಡಿದ್ದೇನು? ಜಾರ್ಜ್ ಫರ್ನಾಂಡಿಸರ ತಮ್ಮನಾಗಿ ಹುಟ್ಟಿದ್ದು. ಭೂಗತರಾಗಿದ್ದ ಅಣ್ಣ ಎಲ್ಲಿ ಅನ್ನುವುದೇ ಪ್ರಶ್ನೆ. ಇನ್ನೊಬ್ಬ ಸಹೋದರ, ಐಟಿಐ ಕಾರ್ಮಿಕ ಮುಖಂಡ ಮೈಕೆಲ್, ಅದಾಗಲೇ ಜೈಲಿನಲ್ಲಿದ್ದರು.

9. ತಾಯಿಯ ಪತ್ರ
ತಾಯಿ ಆಲಿಸ್ ಫರ್ನಾಂಡಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ಆ ಪತ್ರದ ಪ್ರಕಾರ ಮಗನಿಗೆ ಹೊಡೆದು ಹೊಡೆದು ಲಾಠಿಗಳು ಮುರಿದವು. ಆಮೇಲೆ ಕೈಗೆ ಬಂದದ್ದು ಆಲದ ಬಿಳಲು. ರೈಲಿನಡಿಗೆ ಎಸೆಯುತ್ತೇವೆ ಅನ್ನುವ ಬೆದರಿಕೆ ಬೇರೆ. ಅಣ್ಣ ರೈಲು ನಿಲ್ಲಿಸಿದವರು, ತಮ್ಮನಿಗೆ ರೈಲಿನದೇ ಬೆದರಿಕೆ. ಕೊನೆಗೆ ಮನೆಯವರು ಬೆಂಗಳೂರು ಜೈಲಿನಲ್ಲಿ ಕಂಡಾಗ ಆಸರೆಯಿಲ್ಲದೆ ಹೆಜ್ಜೆ ಎತ್ತಿಡುವ ಸ್ಥಿತಿಯಲ್ಲಿರಲಿಲ್ಲ ಲಾರೆನ್ಸ್.

10. ದಾವಣಗೆರೆ ಬಸ್ ನಿಲ್ದಾಣ
ಅಜ್ಜಂಪುರದಲ್ಲಿ ರೈಲು ಹತ್ತಿದರೆ ಶಿವನಿ, ಹೊಸದುರ್ಗ ರೋಡ್, ಚಿಕ್ಕಜಾಜೂರು ಆದಮೇಲೆ ದಾವಣಗೆರೆ. ಮೇ 1ರಂದು ಬೆಂಗಳೂರಿನಲ್ಲಿ ಮನೆ ಬಿಟ್ಟ ಲಾರೆನ್ಸರನ್ನು ಸುಮಾರು ಹತ್ತು ದಿನ ಕಳೆದ ಮೇಲೆ ಆ ಕಡೆಗೆ ಒಯ್ದು, ‘ದಾವಣಗೆರೆ ಬಸ್ ನಿಲ್ದಾಣದಲ್ಲಿ ಸಿಕ್ಕ’ ಅಂತ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರು ಅನ್ನುವುದು ತಾಯಿಯ ದೂರು. ಅಂದರೆ ಆ ಹತ್ತು ದಿನಕ್ಕೆ ಕಾಗದದಲ್ಲಿ ತಾರೀಖೇ ಇಲ್ಲ. ಏಟು ಬಿದ್ದದ್ದು ಆ ದಿನಗಳಲ್ಲೇ.

11. ‘ಸಂಸ್ಕಾರ’ದ ಚಂದ್ರಿ
ಅದೇ ಮೇ ತಿಂಗಳ ಆರಂಭದಲ್ಲಿ ಬೆಂಗಳೂರಿನಲ್ಲಿ ಬಂಧನಕ್ಕೊಳಗಾದವರು ಸ್ನೇಹಲತಾ ರೆಡ್ಡಿ. ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಅವರು ಹೊಸಬರಲ್ಲ. ಅವರು ಚಂದ್ರಿಯಾಗಿ ನಟಿಸಿದ 1970ರ ‘ಸಂಸ್ಕಾರ’ ಚಿತ್ರಕ್ಕೆ ಅಗ್ರಹಾರವಾದದ್ದು ಶೃಂಗೇರಿ ಬಳಿಯ ವೈಕುಂಠಪುರ. ಆಸ್ತಮಾ ಇದ್ದ ಅವರನ್ನು ಎಂಟು ತಿಂಗಳು ಜೈಲಿನಲ್ಲಿಟ್ಟರು. ವಿಚಾರಣೆ ನಡೆಯಲೇ ಇಲ್ಲ. ಪೆರೋಲ್ ಮೇಲೆ ಹೊರಬಂದ ಐದೇ ದಿನಕ್ಕೆ, 1977ರ ಜನವರಿ 20ರಂದು, ಉಸಿರು ನಿಂತಿತು. ಉಳಿದದ್ದು ಜೈಲಿನ ದಿನಚರಿ.

12. ಒಂದು ಕೈಯಲ್ಲಿ ಫಾರಂ ನಂಬರ್ 7
ವಿಚಿತ್ರ ನೋಡಿ. ಇದೇ ತಿಂಗಳುಗಳಲ್ಲಿ ದೇವರಾಜ ಅರಸು ಸರ್ಕಾರದ ಭೂ ನ್ಯಾಯಮಂಡಳಿಗಳು ತಾಲ್ಲೂಕು ತಾಲ್ಲೂಕಿನಲ್ಲಿ ಫಾರಂ ನಂಬರ್ 7ರ ಗೇಣಿ ಅರ್ಜಿ ಇತ್ಯರ್ಥ ಮಾಡುತ್ತಿದ್ದವು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಡಿ ರಾಜ್ಯದಲ್ಲಿ ಬಿದ್ದ ಅರ್ಜಿಗಳು ಸುಮಾರು 8 ಲಕ್ಷ. ಗೇಣಿದಾರನಿಗೆ ಭೂಮಿ ಸಿಗುತ್ತಿತ್ತು. ಆದರೆ ‘ಯಾಕೆ ಸಿಗಲಿಲ್ಲ’ ಅಂತ ಮೆರವಣಿಗೆ ಹೊರಡುವ ಹಾಗಿರಲಿಲ್ಲ. ಹೀಗಾಗಿ ಹಳ್ಳಿಯ ಹಿರಿಯರಿಗೆ ಆ ಕಾಲದ ನೆನಪು ಒಂದೇ ಬಣ್ಣದ್ದಲ್ಲ.

13. ಪಕ್ಕದ ರಾಜ್ಯದಲ್ಲಿ ತಿರುಗಿ ಬಾರದವನು
ಲಾರೆನ್ಸ್ ತಿರುಗಿ ಬಂದರು. 1976ರ ಮಾರ್ಚ್ 1ರಂದು ಕಲ್ಲಿಕೋಟೆಯ ಎಂಜಿನಿಯರಿಂಗ್ ಕಾಲೇಜಿನಿಂದ ಪೊಲೀಸರು ಒಯ್ದ ವಿದ್ಯಾರ್ಥಿ ರಾಜನ್ ಬರಲಿಲ್ಲ. ತುರ್ತು ಪರಿಸ್ಥಿತಿ ಮುಗಿದ ವಾರದಲ್ಲೇ ತಂದೆ ಈಚರ ವಾರಿಯರ್ ಕೇರಳ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಹಾಕಿದರು. ‘ನಾವು ಹಿಡಿದೇ ಇಲ್ಲ’ ಅಂದಿತು ಸರ್ಕಾರ. ಸುಳ್ಳು ಬಯಲಾಗಿ ಮುಖ್ಯಮಂತ್ರಿ ಕೆ. ಕರುಣಾಕರನ್ 1977ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು. ಕಕ್ಕಯಂ ಶಿಬಿರದಲ್ಲಿ ಸತ್ತ ಮಗನ ಶವ ಮಾತ್ರ ಅಪ್ಪನಿಗೆ ಸಿಗಲೇ ಇಲ್ಲ.

14. ಕಾಣೆಯಾದದ್ದಲ್ಲ, ಕಾಣೆ ಮಾಡಿದ್ದು
ಹೀಗೆ ಕಾಣೆ ಮಾಡುವುದಕ್ಕೆ ವಿಶ್ವಸಂಸ್ಥೆ ಇಟ್ಟ ಲಕ್ಷಣ ಮೂರು. ಮನುಷ್ಯನನ್ನು ಹಿಡಿದಿರಬೇಕು. ಅದರಲ್ಲಿ ಸರ್ಕಾರದ ಕೈಯಿರಬೇಕು. ಕೇಳಿದರೆ ‘ಗೊತ್ತಿಲ್ಲ’ ಅನ್ನಬೇಕು. ಮೂರನೆಯದೇ ಪ್ರಾಣ. ಸ್ಪ್ಯಾನಿಷ್ ಭಾಷೆಯಲ್ಲಿ ಇಂಥವರಿಗೆ ‘ದೆಸಪಾರೆಸಿದೊ’ ಅನ್ನುತ್ತಾರೆ. ಆ ಪದವನ್ನು ಲೋಕವೇ ಕಲಿಯುವಂತೆ ಮಾಡಿದ್ದು ಲ್ಯಾಟಿನ್ ಅಮೆರಿಕದ ಜನರಲ್‌ಗಳು.

15. ಬ್ರೆಜಿಲ್‌ನ ರೈತ ಸಂಘ
1964ರಲ್ಲಿ ಬ್ರೆಜಿಲ್ ಸೇನೆಯ ಕೈವಶವಾಯಿತು. ಪರೈಬಾ ರಾಜ್ಯದ ಸಪೆ ಊರಿನ ರೈತ ಸಂಘ ಅಲ್ಲಿನ ಜಮೀನುದಾರರಿಗೆ ಕಣ್ಣುರಿ. ಅದರ ಮುಖಂಡರಾದ ಪೆದ್ರೊ ಇನಾಸಿಯೊ ಮತ್ತು ಜುವಾವ್ ಅಲ್ಫ್ರೆದೊ ಅವರನ್ನು ಕಾಲಾಳು ಪಡೆಯ ಶಿಬಿರದಲ್ಲಿ ಕೂಡಿಹಾಕಿದ್ದರು. ‘ಬಿಡುಗಡೆ ಮಾಡಿದ್ದೇವೆ’ ಎಂದರು ಸೇನೆಯವರು. ಇಬ್ಬರೂ ಮನೆ ಮುಟ್ಟಲಿಲ್ಲ.

16. ಸುಣ್ಣದ ಗೂಡು
ಚಿಲಿಯಲ್ಲಿ 1973ರ ಸೆಪ್ಟೆಂಬರ್‌ನಲ್ಲಿ ಜನರಲ್ ಪಿನೊಚೆ ಅಧಿಕಾರ ಹಿಡಿದ. ಮುಂದಿನ ತಿಂಗಳು ಇಸ್ಲಾ ದೆ ಮೈಪೊ ಎಂಬ ಹಳ್ಳಿಗಾಡಿನಿಂದ 15 ಗಂಡಸರನ್ನು ಪೊಲೀಸರು ಒಯ್ದರು. ಅವರಲ್ಲಿ ಒಂದೇ ಮನೆಯ ಅಪ್ಪ ಮತ್ತು ನಾಲ್ವರು ಮಕ್ಕಳು. ಐದು ವರ್ಷ ಉತ್ತರವಿಲ್ಲ. 1978ರ ನವೆಂಬರ್‌ನಲ್ಲಿ ಲೊಂಕೆನ್ ಎಂಬಲ್ಲಿ ಪಾಳುಬಿದ್ದ ಸುಣ್ಣದ ಗೂಡಿನೊಳಗೆ ಎಲುಬುಗಳು ಸಿಕ್ಕವು. ಚಿಲಿಯ ‘ಕಾಣೆಯಾದವರು’ ಸತ್ತಿದ್ದಾರೆ ಅನ್ನುವುದಕ್ಕೆ ಮೊದಲ ಗಟ್ಟಿ ಸಾಕ್ಷಿ ಅದೇ.

17. ಕರೆಂಟು ಹೋದ ರಾತ್ರಿ
ಅರ್ಜೆಂಟೀನಾದಲ್ಲಿ ಸೇನೆ ಬಂದದ್ದು 1976ರ ಮಾರ್ಚ್ 24ರಂದು. ಜುಲೈನಲ್ಲಿ ಹುಹುಯಿ ಪ್ರಾಂತ್ಯದ ಲೆದೆಸ್ಮಾ ಸಕ್ಕರೆ ಕಾರ್ಖಾನೆಯ ಊರುಗಳಲ್ಲಿ ರಾತ್ರಿ ದೀಪ ಆರಿಸಿ ಮನೆಮನೆಗೆ ನುಗ್ಗಿದರು. ಕಾರ್ಮಿಕ ಸಂಘದವರು, ವಿದ್ಯಾರ್ಥಿಗಳು ಸೇರಿ ಸುಮಾರು 400 ಮಂದಿಯನ್ನು ಎತ್ತಿ ಹಾಕಿಕೊಂಡು ಹೋದರು. ಸಾಗಿಸಿದ ವಾಹನಗಳು ಕಾರ್ಖಾನೆಯವೇ ಅನ್ನುವುದು ಬದುಕುಳಿದವರ ಸಾಕ್ಷ್ಯ. ಹಲವರು ಹಿಂದಿರುಗಲಿಲ್ಲ.

18. ಒಬ್ಬಳೇ ಸುತ್ತಿದವಳು
ಬುಯೆನೊಸ್ ಐರಿಸ್‌ನಲ್ಲಿ ಕಾಣೆಯಾದ ಮಕ್ಕಳಿಗಾಗಿ ಬಿಳಿ ತಲೆವಸ್ತ್ರ ಕಟ್ಟಿ ಗುರುವಾರ ಗುರುವಾರ ಚೌಕ ಸುತ್ತುವ ತಾಯಂದಿರನ್ನು ಲೋಕ ಬಲ್ಲದು. ಲೆದೆಸ್ಮಾದ ಊರಿನಲ್ಲಿ ಹಾಗೆ ಸುತ್ತಿದವಳು ಒಬ್ಬಳೇ, ಓಲ್ಗಾ ಅರೆದೆಸ್. ಗಂಡ ಲೂಯಿಸ್ ವೈದ್ಯ. ಊರಿನ ಮೇಯರ್ ಆಗಿದ್ದಾಗ ಕಾರ್ಖಾನೆಗೆ ತೆರಿಗೆ ಕಟ್ಟಿ ಎಂದವನು. 1977ರ ಮೇನಲ್ಲಿ ಕಾಣೆಯಾದ. ಊರಿನ ಅನ್ನ ಕಾರ್ಖಾನೆಯದು, ಜೊತೆಗೆ ನಡೆಯಲು ಯಾರಿಗೆ ಧೈರ್ಯ? ಜನ ಕಿಟಕಿಯ ಸಂದಿನಿಂದ ನೋಡಿದರು, ಆಕೆ ವರ್ಷಗಟ್ಟಲೆ ಸುತ್ತಿದಳು.

19. ಪಹಣಿಗೆ ಬರದ ಹೆಸರು
ರೈತ ಕಾಣೆಯಾದರೆ ಹೊಲದ ಗತಿ? ಪೌತಿ ಖಾತೆಗೆ ಮರಣ ಪ್ರಮಾಣಪತ್ರ ಬೇಕು, ಅದಕ್ಕೆ ಸಾವು ಬೇಕು. ನಮ್ಮ ಸಾಕ್ಷ್ಯ ಕಾನೂನಿನಂತೆ 7 ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಭಾವಿಸಬಹುದು. ಅರ್ಜೆಂಟೀನಾದ ತಾಯಂದಿರು ಈ ಭಾವಿಸುವಿಕೆ ಒಪ್ಪಲಿಲ್ಲ. ಸತ್ತ ಅಂತ ನಾವೇಕೆ ಬರೆದುಕೊಡಬೇಕು, ಒಯ್ದವರು ಹೇಳಲಿ ಅಂದರು. 1994ರಲ್ಲಿ ಅಲ್ಲಿ ಹೊಸ ಕಾನೂನು ಬಂತು. ಬದುಕಿದವನೂ ಅಲ್ಲ, ಸತ್ತವನೂ ಅಲ್ಲ, ‘ಬಲವಂತವಾಗಿ ಕಾಣೆಯಾದವನು’ ಅನ್ನುವ ಮೂರನೇ ಸ್ಥಿತಿಗೆ ದಾಖಲೆಯಲ್ಲಿ ಜಾಗ ಸಿಕ್ಕಿತು.

20. ಅದೇ ನವೆಂಬರ್, ಚಿಕ್ಕಮಗಳೂರು
ಲೊಂಕೆನ್‌ನ ಗೂಡು ತೆರೆದ 1978ರ ನವೆಂಬರ್‌ನಲ್ಲೇ ತುರ್ತು ಪರಿಸ್ಥಿತಿ ಹೇರಿದ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಲೋಕಸಭೆಗೆ ಗೆದ್ದರು. ಸೀಟು ಬಿಟ್ಟುಕೊಟ್ಟವರು ಡಿ.ಬಿ. ಚಂದ್ರೇಗೌಡ, ಸೋತವರು ವೀರೇಂದ್ರ ಪಾಟೀಲ, ಅಂತರ 70 ಸಾವಿರಕ್ಕೂ ಮೇಲೆ. ಇಂದಿರಾ ವಿರುದ್ಧ ಪ್ರಚಾರಕ್ಕೆ ಬಂದ ಕೇಂದ್ರ ಮಂತ್ರಿ ಬೇರೆ ಯಾರೂ ಅಲ್ಲ, ಜಾರ್ಜ್ ಫರ್ನಾಂಡಿಸ್. ಲಾರೆನ್ಸರ ಅಣ್ಣನ ಮಾತಿಗಿಂತ ಫಾರಂ ನಂಬರ್ 7 ಇಲ್ಲಿ ಹೆಚ್ಚು ತೂಗಿತೇನೋ.

21. ತೀರ್ಪು ಸತ್ತದ್ದು ಕನ್ನಡಿಗನ ಹೆಸರಿನ ಮೊಕದ್ದಮೆಯಲ್ಲಿ
1978ರ 44ನೇ ತಿದ್ದುಪಡಿಯ ನಂತರ ತುರ್ತು ಪರಿಸ್ಥಿತಿಯಲ್ಲೂ ಬದುಕುವ ಹಕ್ಕನ್ನು ಅಮಾನತಿನಲ್ಲಿಡುವಂತಿಲ್ಲ. ಆದರೆ ಏಪ್ರಿಲ್ 28ರ ಆ ತೀರ್ಪನ್ನು ಸುಪ್ರೀಂ ಕೋರ್ಟೇ ಹೆಸರು ಹೇಳಿ ತಳ್ಳಿಹಾಕಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಖಾಸಗಿತನದ ಮೊಕದ್ದಮೆಯಲ್ಲಿ. ಬರೆದವರು ಡಿ.ವೈ. ಚಂದ್ರಚೂಡ್. 1976ರ ಬಹುಮತದಲ್ಲಿದ್ದವರಲ್ಲಿ ಒಬ್ಬರು ಅವರ ತಂದೆ.

22. ಸಹಿ ಹಾಕಿದ್ದೇವೆ, ಸ್ಥಿರೀಕರಿಸಿಲ್ಲ
ಬಲವಂತದ ಕಣ್ಮರೆಯ ವಿರುದ್ಧ ವಿಶ್ವಸಂಸ್ಥೆಯ ಒಪ್ಪಂದ 2006ರದು. ಭಾರತ 2007ರ ಫೆಬ್ರವರಿ 6ರಂದು ಸಹಿ ಹಾಕಿತು. ಸ್ಥಿರೀಕರಣ ಇನ್ನೂ ಆಗಿಲ್ಲ. ನಮ್ಮ ದಂಡಸಂಹಿತೆಯಲ್ಲಿ ಇದು ಪ್ರತ್ಯೇಕ ಅಪರಾಧವೂ ಅಲ್ಲ.

23. ಗಂಟೆ, ತಾರೀಖು, ಒಂದು ಸಹಿ
ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು ಅನ್ನುತ್ತದೆ ಸಂವಿಧಾನದ 22ನೇ ವಿಧಿ. ಮುಂಜಾಗ್ರತಾ ಬಂಧನಕ್ಕೆ ಈ ಮಾತು ಅನ್ವಯಿಸದು. 1996ರ ಡಿ.ಕೆ. ಬಸು ತೀರ್ಪು ಇನ್ನೊಂದು ಕಟ್ಟು ಹಾಕಿತು, ಈಗ ಅದು ಕಾನೂನಿನಲ್ಲೂ ಸೇರಿದೆ: ಬಂಧಿಸುವಾಗ ಜ್ಞಾಪನ ಬರೆಯಬೇಕು, ಅದರಲ್ಲಿ ಗಂಟೆ ಮತ್ತು ತಾರೀಖು ಇರಬೇಕು, ಮನೆಯವರೊಬ್ಬರು ಇಲ್ಲವೇ ಊರಿನ ಗೌರವಸ್ಥರೊಬ್ಬರು ಸಾಕ್ಷಿಯಾಗಿ ಸಹಿ ಹಾಕಬೇಕು. ಯಾರದೋ ಮನೆ ಮುಂದೆ ಜೀಪು ನಿಂತಾಗ ಆ ಗೌರವಸ್ಥ ನೀವೇ ಆಗಬಹುದು. ಪೆನ್ನು ಕೈಗೆ ಬಂದರೆ ಮೊದಲು ತಾರೀಖು ಓದಿ, ಆಮೇಲೆ ಸಹಿ ಹಾಕಿ.