ಗಾಂಜಾ ಬೀಜ, ಸಸಿ ಮತ್ತು ಕಾನೂನು

ಚೆನ್ನೈಯಂತಹ ನಗರಗಳಲ್ಲಿ ತಾರಸಿಯಲ್ಲಿಯೂ ಕೋಣೆಯೊಳಗೂ ಕುಂಡಗಳಲ್ಲಿ ಸಸಿ ಬೆಳೆಸುವ ಹವ್ಯಾಸವುಳ್ಳವರು ಅನೇಕರಿದ್ದಾರೆ. ಆದರೆ ಗಾಂಜಾ ಸಸಿಯನ್ನು ಪರವಾನಗಿಯಿಲ್ಲದೆ ಮನೆಯೊಳಗೆ ಬೆಳೆಸುವುದೂ ಅಪರಾಧವೆಂಬುದನ್ನು ಎಲ್ಲರೂ ಅರಿತಿರಬೇಕು.

ಬೀಜದ ವಿಷಯದಲ್ಲಿ ತಪ್ಪು ತಿಳಿವಳಿಕೆಗೆ ಆಸ್ಪದವಿದೆ. 1985ರ ಎನ್.ಡಿ.ಪಿ.ಎಸ್. ಅಧಿನಿಯಮದ ಪ್ರಕಾರ ಗಾಂಜಾ ಎಂದರೆ ಸಸ್ಯದ ಹೂ ಅಥವಾ ಕಾಯಿ ಬಿಟ್ಟ ತುದಿಗಳು. ಅವುಗಳಿಂದ ಬೇರ್ಪಟ್ಟ ಬೀಜ ಮತ್ತು ಎಲೆಗಳು ಈ ವ್ಯಾಖ್ಯೆಗೆ ಒಳಪಡುವುದಿಲ್ಲ. ನಿಗದಿತ ಮಾನದಂಡಗಳಿಗೆ ಅನುಗುಣವಾದ ಬೀಜವನ್ನು ಆಹಾರವಾಗಿ ಮಾರಲು 2021ರಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನದಂಡಗಳ ಪ್ರಾಧಿಕಾರವು ಅವಕಾಶ ನೀಡಿತು. ಬೀಜಕ್ಕಿರುವ ಈ ವಿನಾಯಿತಿ ಅದನ್ನು ಬಿತ್ತಿ ಬೆಳೆಸುವುದಕ್ಕೆ ಅನ್ವಯಿಸದು.

ಅಧಿನಿಯಮದ 8ನೆಯ ಪ್ರಕರಣವು ಈ ಸಸ್ಯದ ಕೃಷಿಯನ್ನು ನಿಷೇಧಿಸುತ್ತದೆ. ಗಾಂಜಾ ಕುಲಕ್ಕೆ ಸೇರಿದ ಯಾವುದೇ ಸಸ್ಯವು ಈ ನಿಷೇಧಕ್ಕೆ ಒಳಪಡುತ್ತದೆ. ಅದು ಹೂ ಬಿಟ್ಟಿರಬೇಕೆಂಬ ನಿಬಂಧನೆಯಿಲ್ಲ. ಗಿಡಗಳ ಸಂಖ್ಯೆ ಕಡಿಮೆಯೆಂಬ ಕಾರಣಕ್ಕೆ ವಿನಾಯಿತಿಯೂ ಇಲ್ಲ. ತಪ್ಪಿತಸ್ಥರಿಗೆ 20ನೆಯ ಪ್ರಕರಣದ ಮೇರೆಗೆ 10 ವರ್ಷಗಳವರೆಗೆ ಕಠಿಣ ಕಾರಾಗೃಹ ವಾಸ ಹಾಗೂ 1 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ವಿಧಿಸಬಹುದು. ತಿಳಿದೂ ತಮ್ಮ ಮನೆ ಅಥವಾ ಕೋಣೆಯನ್ನು ಇದಕ್ಕೆ ಬಳಸಲು ಬಿಟ್ಟ ಮಾಲೀಕರೂ ಅದೇ ಶಿಕ್ಷೆಗೆ ಗುರಿಯಾಗುವರು.

ಹೀಗಾಗಿ ಕುತೂಹಲಕ್ಕೆಂದು ಬಿತ್ತಿದ ಒಂದು ಬೀಜ ಯುವಕನೊಬ್ಬನ ವಿದ್ಯಾಭ್ಯಾಸ, ಉದ್ಯೋಗಗಳಿಗೆ ಕುತ್ತಾಗಬಹುದು. ಪಾಲಕರೂ ಮನೆಯ ಮಾಲೀಕರೂ ಮಕ್ಕಳಿಗೆ ಈ ವಿಷಯವನ್ನು ಮೊದಲೇ ತಿಳಿಸಿ ಹೇಳುವುದು ಒಳಿತು. ಅಕ್ರಮ ಕೃಷಿಯ ಮಾಹಿತಿಯನ್ನು 1933 ಸಂಖ್ಯೆಗೆ ನೀಡಬಹುದು. ವ್ಯಸನದಿಂದ ಬಿಡುಗಡೆ ಬಯಸುವವರು 14446 ಸಂಖ್ಯೆಗೆ ಶುಲ್ಕರಹಿತವಾಗಿ ಕರೆ ಮಾಡಿ ನೆರವು ಪಡೆಯಬಹುದು.