ಏರ್ಕಾಡ್‌ಗೆ ಎಷ್ಟು ಹೊತ್ತಿನ ದಾರಿ?

ಬೆಂಗಳೂರಿನಿಂದ ತಮಿಳುನಾಡಿನ ಗಿರಿಧಾಮ ಏರ್ಕಾಡ್‌ಗೆ ನೆಟ್ಟಗೆ ಗೆರೆ ಎಳೆದರೆ ಸುಮಾರು 150 ಕಿ.ಮೀ. ರಸ್ತೆಯಲ್ಲಿ ಹೊರಟರೆ ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂ ದಾಟಿ 230 ಕಿ.ಮೀ. ಆಸುಪಾಸು. 2023ರ ಅಕ್ಟೋಬರ್‌ನಲ್ಲಿ ಸಣ್ಣ ಊರುಗಳಿಗೆ ವಿಮಾನ ಒದಗಿಸುವ ‘ಉಡಾನ್’ ಯೋಜನೆಯಡಿ ಬೆಂಗಳೂರು–ಸೇಲಂ ವಿಮಾನ ಶುರುವಾಯಿತು. ವಿಮಾನ ಹತ್ತಿದವರು ಬೆಟ್ಟವನ್ನು ಬೇಗ ಮುಟ್ಟುತ್ತಾರೆಯೇ?

ಲೆಕ್ಕ ಹಾಕೋಣ. ಬೆಂಗಳೂರಿನ ನಿಲ್ದಾಣವಿರುವ ದೇವನಹಳ್ಳಿಯಿಂದ ಸೇಲಂ ವಿಮಾನ ನಿಲ್ದಾಣವಿರುವ ಕಾಮಲಾಪುರಕ್ಕೆ ಆಕಾಶಮಾರ್ಗ 160 ಕಿ.ಮೀ. ಹತ್ತಿರ. ಇಂಥ ಸಣ್ಣ ಮಾರ್ಗಗಳಲ್ಲಿ ಹಾರುವ ಎಟಿಆರ್ 72 ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಓಡುತ್ತದೆ. ಆ ವೇಗಕ್ಕೆ 20 ನಿಮಿಷ ಸಾಕು. ವೇಳಾಪಟ್ಟಿಯಲ್ಲಿರುವುದು ಮಾತ್ರ ಹೆಚ್ಚುಕಡಿಮೆ ಒಂದು ಗಂಟೆ. ರನ್‌ವೇವರೆಗೆ ಸಾಗಬೇಕು, ಮೇಲೇರಬೇಕು, ಪೂರ್ಣ ವೇಗ ಹಿಡಿಯುವಷ್ಟರಲ್ಲಿ ಇಳಿಯಲು ಅಣಿಯಾಗಬೇಕು. ಇದಕ್ಕೆ ದೇವನಹಳ್ಳಿ ತಲುಪುವ ಹೊತ್ತು, ತಪಾಸಣೆಯ ಸಾಲು ಕೂಡಿಸಿದರೆ ಮೂರೂವರೆ ಗಂಟೆ ಹೋಯಿತು. ಅಷ್ಟರಲ್ಲಿ ಕಾರಿನಲ್ಲಿ ಹೊರಟವರು ಸೇಲಂ ಸಮೀಪಿಸಿರುತ್ತಾರೆ.

ದೂರ ಬೆಳೆದಂತೆ ಲೆಕ್ಕ ತಿರುಗುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡ ಏರ್ ಇಂಡಿಯಾ ವಿಮಾನವನ್ನು ಸ್ಯಾನ್‌ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ತಂದಿತು. ಸುಮಾರು 14,000 ಕಿ.ಮೀ., 17 ಗಂಟೆಯ ಆಸುಪಾಸು. ಗೋಡೆಯ ಭೂಪಟದಲ್ಲಿ ಸುತ್ತುದಾರಿಯಂತೆ ಕಾಣುವ ಈ ಮಾರ್ಗ, ಗ್ಲೋಬಿನ ಮೇಲೆ ದಾರ ಹಿಡಿದು ನೋಡಿದರೆ ಅಷ್ಟೇನೂ ಸುತ್ತಲ್ಲ. ನಿಲ್ದಾಣದಲ್ಲಿ ಕಾಯುವ ಹೊತ್ತು ಇಲ್ಲಿ ದೊಡ್ಡದಲ್ಲ. ಸೇಲಂ ಪ್ರಯಾಣದಲ್ಲಿ ಅದೇ ದೊಡ್ಡದು.

ಇನ್ನು ಬೆಟ್ಟದ ಪಾಲು. ಕಾಮಲಾಪುರಕ್ಕೆ ನೇರ ಪೂರ್ವದಲ್ಲೇ ಏರ್ಕಾಡ್, ಹಾರಿದರೆ 16 ಕಿ.ಮೀ. ಆದರೆ ರಸ್ತೆ ದಕ್ಷಿಣಕ್ಕಿಳಿದು ಸೇಲಂ ಮಗ್ಗುಲಿಂದಲೇ ಶೆವರಾಯ್ ಬೆಟ್ಟ ಹತ್ತಬೇಕು; 40 ಕಿ.ಮೀ. ಮೀರುತ್ತದೆ. ಘಾಟಿಯಲ್ಲಿ 20 ಹೇರ್‌ಪಿನ್ ತಿರುವುಗಳು. ಪ್ರತಿ ತಿರುವಿಗೂ ಸಂಖ್ಯೆಯ ಫಲಕವಿದೆ. ಬಸ್ಸು ಎದುರಾದರೆ ಕಾರು ಅಂಚಿಗೆ ಸರಿದು ನಿಲ್ಲಬೇಕು. ಆಮೇಲೆ ಮತ್ತೆ ಮೊದಲ ಗೇರು. ಸೇಲಂಗಿಂತ ಸಾವಿರದ ಇನ್ನೂರು ಮೀಟರ್‌ಗೂ ಹೆಚ್ಚು ಎತ್ತರ ಏರುವಾಗ ಕಿವಿ ಗವ್ವೆನ್ನುತ್ತದೆ, ಮಕ್ಕಳಿಗೆ ಹೊಟ್ಟೆ ತೊಳಸುತ್ತದೆ. ಘಾಟಿ ಹತ್ತಲು ಹಿಡಿಯುವ ಈ ಒಂದು ಗಂಟೆಯನ್ನು ಯಾವ ವಿಮಾನವೂ ಕಡಿಮೆ ಮಾಡಲಾರದು.

ಬೆಂಗಳೂರಿನಿಂದ ಹೊರಡುವವರಿಗೆ ಬೆಳಗಿನ ಜಾವದ ರಸ್ತೆ ಅಥವಾ ಸೇಲಂವರೆಗೆ ರೈಲೇ ಒಳ್ಳೆಯದು. ರಸ್ತೆ ಹಿಡಿದವರು ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ ನಿಧಾನ ಸಾಗಬೇಕು. ಲಾರಿಗಳ ಬ್ರೇಕ್ ಕೈಕೊಟ್ಟು ಅಪಘಾತವಾಗುವ ಜಾಗವದು. ದೂರದೂರಿನಿಂದ ಬಂದು ಬೆಂಗಳೂರಿನಲ್ಲಿ ವಿಮಾನ ಬದಲಿಸುವವರಿಗೆ ಮಾತ್ರ ಸೇಲಂ ನಿಲ್ದಾಣ ನಿಜವಾದ ಅನುಕೂಲ. ಆ ಅನುಕೂಲ ಬೆಟ್ಟದವರೆಗೂ ಮುಟ್ಟಬೇಕಾದರೆ ವಿಮಾನ ಇಳಿಯುವ ಹೊತ್ತಿಗೆ ಏರ್ಕಾಡ್ ಬಸ್ಸು ನಿಲ್ದಾಣದ ಬಾಗಿಲಲ್ಲಿ ನಿಂತಿರಬೇಕು. ಸಣ್ಣ ಊರಿಗೆ ವಿಮಾನ ಕೊಡುವ ಯೋಜನೆ ಮನೆಬಾಗಿಲಿನಿಂದ ಮನೆಬಾಗಿಲಿಗೆ ತಗಲುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಲಿ.