ಕಿಟಕಿಗೆ ಕಟ್ಟುವ ಹರಳು: ಅಲೀಪುರದ ಕೈಗೆ ಇನ್ನೊಂದು ಕೆಲಸ?

ಗೌರಿಬಿದನೂರು ತಾಲ್ಲೂಕಿನ ಅಲೀಪುರ ಅಂದ ಕೂಡಲೇ ಈ ಕಡೆಯ ಜನಕ್ಕೆ ಎರಡು ಸಂಗತಿ ನೆನಪಾಗುತ್ತವೆ. ಒಂದು, ಷಿಯಾ ಮುಸಲ್ಮಾನರೇ ಹೆಚ್ಚಾಗಿರುವ ಊರು, ಅಲ್ಲಿನ ಮೊಹರಂ. ಇನ್ನೊಂದು, ಹರಳು! ಉಂಗುರಕ್ಕೆ, ಓಲೆಗೆ, ಮೂಗುಬಟ್ಟಿಗೆ ಕೂರಿಸುವ ಹರಳನ್ನು ಉಜ್ಜಿ, ಮುಖ ಕೊಟ್ಟು, ಪಾಲಿಶ್ ಮಾಡುವುದೇ ಅಲ್ಲಿನ ಬಹಳ ಮನೆಗಳ ಅನ್ನ.

ಈಗ ಪಟ್ಟಣಗಳ ಗಿಫ್ಟ್ ಅಂಗಡಿಗಳಲ್ಲಿ ಹೊಸ ಸಾಮಾನೊಂದು ನೇತಾಡುತ್ತಿದೆ. ಹೆಸರು ಸನ್‌ಕ್ಯಾಚರ್. ಬಿಸಿಲು ಹಿಡಿಯೋದು ಅಂತಲೇ ಇಟ್ಟುಕೊಳ್ಳಿ. ದಾರಕ್ಕೆ ಪೋಣಿಸಿದ ಗಾಜಿನ ಹರಳು, ಬಣ್ಣದ ಮಣಿ. ಕಿಟಕಿಗೆ ಕಟ್ಟಿದರೆ ಎಳೆ ಬಿಸಿಲು ಅದರೊಳಗೆ ಹಾಯ್ದು ಎದುರು ಗೋಡೆ ಮೇಲೆ ಕಾಮನಬಿಲ್ಲಿನ ಚುಕ್ಕೆ ಬೀಳುತ್ತೆ. ಅಷ್ಟೇ ಅದರ ಕೆಲಸ. ಅಷ್ಟಕ್ಕೇ ನೂರಾರು ರೂಪಾಯಿ!

ನಮ್ಮ ಹೆಣ್ಣುಮಕ್ಕಳಿಗೆ ಇದೇನೂ ಹೊಸದಲ್ಲ ಬಿಡಿ. ಬಾಗಿಲಿಗೆ ಮಣಿ ತೋರಣ ಪೋಣಿಸಿದವರು, ಒಡೆದ ಬಳೆ ಚೂರನ್ನು ದೀಪದ ಉರಿಗೆ ಹಿಡಿದು ಬಗ್ಗಿಸಿ ಕೊಂಡಿಗೆ ಕೊಂಡಿ ಸಿಕ್ಕಿಸಿ ಸರ ಮಾಡಿದವರು ಅವರೇ ಅಲ್ಲವೇ? ಹಸಿರು, ಕೆಂಪು ಬಳೆ ಚೂರನ್ನು ತಿಳಿ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಅಂಟಿಸಿ, ನೈಲಾನ್ ದಾರದಲ್ಲಿ ಇಳಿಬಿಟ್ಟರೆ ಮನೆಯಲ್ಲೇ ಸನ್‌ಕ್ಯಾಚರ್ ತಯಾರು. ಖರ್ಚು ಅಂಟಿನದು ಮಾತ್ರ. ಚೂರಿನ ಅಂಚನ್ನು ಮೊದಲು ನೀರು ಹಾಕಿ ಸಾಣೆಕಲ್ಲಿಗೆ ಉಜ್ಜಿಬಿಡಬೇಕು, ಇಲ್ಲದಿದ್ದರೆ ಬೆರಳು ಹೋದಂತೆಯೇ. ಉರಿಗೆ ಹಿಡಿಯುವ ಆಟ ಮಕ್ಕಳ ಕೈಗೆ ಬೇಡ. ಕಾದ ಗಾಜು ತಟ್ಟನೆ ತಣ್ಣಗಾದರೆ ಚಿಟ್ ಅಂತ ಸಿಡಿಯುತ್ತೆ, ಅದೂ ಕಣ್ಣಿನ ಎದುರಿಗೇ.

ಆದರೆ ಬಳೆ ಗಾಜಿಗೂ ಹರಳಿಗೂ ವ್ಯತ್ಯಾಸ ಉಂಟು. ಕೆಂಪು ಬಳೆ ಬಿಸಿಲಿನಲ್ಲಿರುವ ಕೆಂಪನ್ನಷ್ಟೇ ಆಚೆ ಬಿಡುತ್ತೆ, ಮಿಕ್ಕ ಬಣ್ಣವನ್ನೆಲ್ಲ ತಾನೇ ನುಂಗುತ್ತೆ. ಗೋಡೆ ಮೇಲೆ ಒಂದೇ ಬಣ್ಣ. ಏಳೂ ಬಣ್ಣ ಬೇಕಾದರೆ ತಿಳಿ ಗಾಜು ಅಥವಾ ತಿಳಿ ಹರಳು ಬೇಕು, ಅದಕ್ಕೆ ಓರೆಯಾಗಿ ಮುಖ ಕೊಟ್ಟಿರಬೇಕು. ಬೆಳಕು ಓರೆ ಮುಖದಲ್ಲಿ ಬಗ್ಗುವಾಗ ನೇರಳೆ ಹೆಚ್ಚು ಬಗ್ಗುತ್ತೆ, ಕೆಂಪು ಕಡಿಮೆ. ಅಲ್ಲಿಗೆ ಬಣ್ಣ ಬೇರೆ ಬೇರೆ. ನ್ಯೂಟನ್ 1672ರಲ್ಲಿ ಪ್ರಕಟಿಸಿದ್ದು ಇದೇ ಸಂಗತಿ. ನಮ್ಮ ಸಿ. ವಿ. ರಾಮನ್ ಅವರಿಗೂ ಹರಳಿನ ಹುಚ್ಚು ಸಾಮಾನ್ಯದ್ದಲ್ಲ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅವರು ಕೂಡಿಹಾಕಿದ ಕಲ್ಲು, ಹರಳುಗಳ ರಾಶಿಯೇ ಇದೆ.

ಅಲೀಪುರದ ಮಾತು ಬರುವುದು ಇಲ್ಲಿ. ಉಂಗುರದ ಹರಳಿಗೆ ಕೆಳಗಿನ ಮುಖಗಳ ಕೋನ ಸರಿಯಾಗಿ ಬರಬೇಕು. ಬಂದರೆ ಮೇಲಿನಿಂದ ಹೋದ ಬೆಳಕು ಒಳಗೇ ತಿರುಗಿ ನೋಡುವವರ ಕಣ್ಣಿಗೇ ವಾಪಸು ಬರುತ್ತೆ. ಕೋನ ಚಪ್ಪಟೆಯಾಯಿತೋ, ಬೆಳಕು ತಳದಿಂದ ಸೋರಿಹೋಗುತ್ತೆ, ಹರಳು ಸಪ್ಪೆ ಕಾಣುತ್ತೆ. ಅಂಥ ಮಾಲಿಗೆ ವ್ಯಾಪಾರದ ಇಂಗ್ಲಿಷಿನಲ್ಲಿ ‘ವಿಂಡೋ’ ಬಿದ್ದಿದೆ ಅಂತಾರೆ. ಅಂದರೆ ಕಿಟಕಿ! ತಮಾಷೆ ನೋಡಿ. ಕಿಟಕಿಗೆ ಕಟ್ಟುವ ಹರಳಿಗೆ ಬೇಕಾದದ್ದೇ ಬೆಳಕು ಆಚೆ ದಾಟಿ ಗೋಡೆಗೆ ಹೋಗುವುದು. ಉಂಗುರಕ್ಕೆ ಆಗದು ಅಂತ ಪಕ್ಕಕ್ಕೆ ಸರಿಸಿದ ಕಲ್ಲು ಇಲ್ಲಿ ಬೆಲೆ ಕಂಡೀತು.

ಹಾಗಂತ ಹಿಗ್ಗುವ ಹಾಗೂ ಇಲ್ಲ. ಓಲೆಯ ಹರಳು ಸಣ್ಣದು. ಹಿಡಿಯುವ ಬಿಸಿಲೂ ಅಷ್ಟೇ, ಗೋಡೆಯ ಚುಕ್ಕೆಯೂ ಮಂಕು. ದೊಡ್ಡ ಗಾಜಿನ ತುಂಡಿಗೆ ಮುಖ ಕೊಡಬೇಕು, ಇಲ್ಲವೇ ಸಣ್ಣವನ್ನು ಸಾಲಾಗಿ ಪೋಣಿಸಬೇಕು. ಆಭರಣದಂಗಡಿಯಲ್ಲಿ ಅಮೆರಿಕನ್ ಡೈಮಂಡ್ ಅಂತ ಮಾರುವ ಜಿರ್ಕೋನಿಯಾ ಇದೆಯಲ್ಲ, ಅದು ಬಣ್ಣ ಬಿಡಿಸುವುದರಲ್ಲಿ ನಿಜವಾದ ವಜ್ರಕ್ಕಿಂತ ಮುಂದು. ಕಡಿಮೆ ಬೆಲೆಯ ಕಲ್ಲೇ ಈ ಕೆಲಸಕ್ಕೆ ಲಾಯಕ್ಕು!

ಇನ್ನು ದೂಳಿನ ವಿಚಾರ. ಇದನ್ನು ಹೇಳದೆ ಮನೆಯಲ್ಲೇ ಹರಳು ಉಜ್ಜಿ ಅನ್ನುವುದು ಪಾಪದ ಕೆಲಸ. ಸ್ಫಟಿಕ, ಅಗೇಟ್ ಜಾತಿಯ ಕಲ್ಲಿನಲ್ಲಿ ಇರುವುದು ಸಿಲಿಕ. ಒಣಗಿದ್ದನ್ನು ಉಜ್ಜಿದರೆ ಎದ್ದ ದೂಳು ಕಣ್ಣಿಗೆ ಕಾಣದಷ್ಟು ನುಣ್ಣಗೆ ಶ್ವಾಸಕೋಶ ಸೇರಿ ಅದನ್ನೇ ಗಟ್ಟಿ ಮಾಡಿಬಿಡುತ್ತೆ. ಸಿಲಿಕೋಸಿಸ್ ಅಂತ ಅದರ ಹೆಸರು. ಬಂದರೆ ವಾಸಿಯಿಲ್ಲ. ಗುಜರಾತಿನ ಖಂಭಾತದಲ್ಲಿ ಅಗೇಟ್ ಉಜ್ಜುವ ಮನೆಗಳು ಇದನ್ನು ಕಂಡಿವೆ. ಉಜ್ಜುವವರಿಗೆ ಮಾತ್ರವಲ್ಲ, ಅಕ್ಕಪಕ್ಕ ಇದ್ದವರಿಗೂ ಬಂದಿದೆ. 1948ರ ಫ್ಯಾಕ್ಟರಿ ಕಾಯಿದೆ ಈ ಕಾಯಿಲೆಯನ್ನು ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿತ್ತು. ಆದರೆ ಮನೆಯ ಜಗಲಿಯಲ್ಲಿ ಚಕ್ರ ತಿರುಗಿಸುವವನು ಫ್ಯಾಕ್ಟರಿಯ ಲೆಕ್ಕಕ್ಕೆ ಎಲ್ಲಿ ಬಂದ? ಅವನನ್ನು ಕೇಳುವವರು ಯಾರು?

ಚಕ್ರದ ಮೇಲೆ ನೀರು ತೊಟ್ಟಿಕ್ಕುತ್ತಲೇ ಇರಬೇಕು. ಉಜ್ಜುವ ಜಾಗಕ್ಕೂ ಅಡುಗೆಮನೆಗೂ ನಡುವೆ ಗೋಡೆ ಇರಬೇಕು. ನೆಲದ ದೂಳನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಬಾಯಿಗೆ ಕರ್ಚೀಫು ಕಟ್ಟಿದರೆ ಸಾಲದು, ನುಣ್ಣನೆ ದೂಳು ಅದರೊಳಗೆ ಸಲೀಸಾಗಿ ನುಗ್ಗುತ್ತೆ. ಇಷ್ಟು ಆಗದ ಮನೆಯವರು ಉಜ್ಜುವ ಗೋಜಿಗೆ ಹೋಗದೆ, ಬೇರೆಯವರು ಮುಖ ಕೊಟ್ಟ ಹರಳು ತಂದು ಪೋಣಿಸಿಕೊಳ್ಳಲಿ.

ಕೊಂಡು ಕಟ್ಟುವವರಿಗೂ ಎರಡು ಮಾತು. ಕಟ್ಟುವುದಾದರೆ ಪೂರ್ವದ ಕಿಟಕಿಗೆ ಕಟ್ಟಿ. ಬೆಳಿಗ್ಗೆ ಒಂಬತ್ತು ಹತ್ತು ಗಂಟೆವರೆಗೆ ಬಿಸಿಲು ಓರೆಯಾಗಿ ಒಳಗೆ ಬರುತ್ತೆ, ಆಮೇಲೆ ಸೂರ್ಯ ನೆತ್ತಿಗೇರಿದರೆ ಆಟ ಮುಗೀತು. ಮುಖ ಕೊಟ್ಟ ಹರಳೇ ಆಗಲಿ, ನುಣುಪಾದ ತಿಳಿ ಗಾಜಿನ ಗುಂಡು ಬೇಡ. ಅದು ಭೂತಗನ್ನಡಿಯ ಹಾಗೆ ಬಿಸಿಲನ್ನು ಒಂದೇ ಚುಕ್ಕೆಗೆ ಕೂಡಿಸಿ ಪರದೆಯನ್ನೋ ಕಾಗದವನ್ನೋ ಹೊತ್ತಿಸುತ್ತೆ. ಹೀಗೆ ಬೆಂಕಿ ಬಿದ್ದ ಪ್ರಸಂಗಗಳಿವೆ, ಲಂಡನ್ನಿನ ಅಗ್ನಿಶಾಮಕ ದಳ ಜನಕ್ಕೆ ಎಚ್ಚರಿಕೆ ಕೊಟ್ಟದ್ದೂ ಇದೆ. ಬಟ್ಟೆ ಅಂಗಡಿಯವರಂತೂ ಮಧ್ಯಾಹ್ನ ಷಟರ್ ಎಳೆದು ಊಟಕ್ಕೆ ಹೋಗುವ ಮುನ್ನ ಗಾಜಿನ ಷೋಕೇಸಿನ ಕಡೆ ಒಮ್ಮೆ ಕಣ್ಣಾಡಿಸಬೇಕು.

ಬಸ್ಸಿನ ಮುಂದಿನ ಗಾಜಿಗೆ ಹರಳಿನ ಸರ ಕಟ್ಟುವ ಡ್ರೈವರಣ್ಣಂದಿರು ಅದನ್ನು ಮನೆ ಕಿಟಕಿಗೆ ವರ್ಗ ಮಾಡಿದರೆ ಪ್ರಯಾಣಿಕರು ಹರಸುತ್ತಾರೆ. ಎಳೆ ಬಿಸಿಲಿಗೆ ಎದುರಾಗಿ ಬಸ್ ಓಡುವಾಗ ಆ ಏಳು ಬಣ್ಣ ಮೊದಲು ಬೀಳುವುದು ಅವರ ಕಣ್ಣಿಗೇ.